ಕಿಟಕಿಗೆ ಕಂಬಳಿ ಕಟ್ಟಿದ ದಿನ

ಆ ಆಟದ ಸಿಡಿ ಕೊಡುವಾಗಲೇ ಗೆಳತಿ ಮೂಗು ಮುರಿದಿದ್ದಳು. ಚಿಂತಾಮಣಿಯವಳು, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. "ಸುಮ್ನೆ ನಡೀತಾನೇ ಇರ್ಬೇಕು ಕಣೇ. ಹೊಡೆದಾಟ ಇಲ್ಲ, ಗೆಲ್ಲೋದಿಲ್ಲ. ಅರ್ಧ ಗಂಟೆಗೇ ನಿದ್ದೆ ಬಂತು ನಂಗೆ," ಎಂದಳು. ಅವಳ ಅಣ್ಣ ಮಾತ್ರ ಅಂಥ ಆಟ ಇನ್ನೊಂದಿಲ್ಲ ಎನ್ನುತ್ತಿದ್ದನಂತೆ. ನಾನು ಅಣ್ಣನ ಪಕ್ಷ ವಹಿಸಿದೆ. ಯಾರಾದರೂ ಬೇಡ ಎಂದದ್ದೇ ನನಗೆ ಬೇಕು ಅನ್ನಿಸುವ ವಯಸ್ಸು ಅದು.

ಮೇಲೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಪಡಸಾಲೆಯ ಮೂಲೆಯಲ್ಲಿ. ಚಿಕ್ಕಪ್ಪ ನನ್ನ ಓದಿಗೆಂದು ಕೊಟ್ಟಿದ್ದ ಹಳೆಯ ಯಂತ್ರ. ಅದರಲ್ಲಿ ಆಡುವುದು ಕಂಡರೆ ಕಾಲೇಜು ಬಿಡಿಸುತ್ತೇನೆ ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಅವರು ತೋಟಕ್ಕೆ ಹೋದಾಗ ಕದ್ದು ಆಡುತ್ತಿದ್ದೆ. ಪರದೆಯ ತುಂಬ ಹುಲ್ಲುಗಾವಲು, ಹೊಳೆ, ದೂರದಲ್ಲೊಂದು ಗುಡ್ಡ. ಕೋಲು ಹಿಡಿದ ದಾರಿಹೋಕನೊಬ್ಬನನ್ನು ಯಾವ ದಿಕ್ಕಿಗಾದರೂ ನಡೆಸಬಹುದು, ಅಷ್ಟೇ.

ಅಕ್ಕ ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. "ಇವ್ನು ಎಲ್ಲಿಗೋಗ್ತಾನೆ ಅಂತ ಯಾರೂ ಕೇಳಲ್ವಾ?" ಎಂದಳು. ಇಲ್ಲ ಎಂದೆ. "ಚೆನ್ನಾಗಿದೆ ಕಣೇ. ಆ ಗುಡ್ಡದ ಆಚೆ ಏನಿದೆಯೋ ನೋಡಣ. ನಂಗೆ ಬಿಡುವಾದಾಗ ಹೋಗಣ, ಇಬ್ರೂ."

ಅಕ್ಕ ಗೌರಿಬಿದನೂರಿನ ಗಂಡನ ಮನೆ ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಅಲ್ಲೇ ಹತ್ತಿರದ ವಿದುರಾಶ್ವತ್ಥಕ್ಕೆ ಹೋಗಿಬರಲೂ ಅವಳಿಗೆ ಮೂರು ಜನರ ಅಪ್ಪಣೆ ಬೇಕಿತ್ತು. ಅಪ್ಪನಿಗೆ ಅದು ದೊಡ್ಡ ವಿಷಯವಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ. ವಾಪಸ್ ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಾಗ ಒಂದು ಮಾತು ಕೊಟ್ಟರು. ಅಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿ ರೇಷ್ಮೆ ಹುಳು ಸಾಕುವುದನ್ನೇ ನಿಲ್ಲಿಸಿದ್ದೆವು. "ಒಂದ್ ಬೆಳೆ ನೀನೊಬ್ಳೇ ಎತ್ತಿ ತೋರ್ಸಮ್ಮ. ಗೂಡು ಚೆನ್ನಾಗಿ ಬಂದ್ರೆ ಇಲ್ಲೇ ಇರು, ಹುಳುಮನೆ ನಿಂದು. ಇಲ್ಲಾಂದ್ರೆ ಅವ್ರು ಕರೆಯಕ್ ಬಂದಾಗ ಹೊರಡ್ಬೇಕು."

ಇಪ್ಪತ್ತೈದು ದಿನ ಅವಳು ಮನುಷ್ಯರಂತೆ ಮಲಗಲಿಲ್ಲ. ಹುಳು ಹಣ್ಣಾಗಿ ಮೇಯುವುದು ಬಿಟ್ಟ ದಿನ ಬೆಳಗಿನಿಂದ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟಿ. ಮಳೆ ಬರುವಂತಿತ್ತು, ಎಲ್ಲವನ್ನೂ ಪಡಸಾಲೆಗೆ ತಂದು ಎದುರುಬದುರು ಇದ್ದ ಎರಡು ಕಿಟಕಿಗಳ ನಡುವೆ ಸಾಲಾಗಿ ನಿಲ್ಲಿಸಿದೆವು. ಅಕ್ಕ ಎರಡೂ ಕಿಟಕಿ ತೆರೆದಳು. "ಸ್ವಲ್ಪ ನೋಡ್ಕೊಳೇ," ಎಂದು ಹೇಳಿ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡವಳು ಆ ಕ್ಷಣವೇ ನಿದ್ದೆ ಹೋದಳು.

ಅಷ್ಟರಲ್ಲಿ ಕರೆಂಟು ಬಂತು. ಅಪ್ಪ ಶಿಡ್ಲಘಟ್ಟಕ್ಕೆ ಹೋಗಿದ್ದರು. ಆಟದಲ್ಲಿ ಆಗ ಸಂಜೆ, ದಾರಿಹೋಕ ಗುಡ್ಡದ ಬುಡದಲ್ಲಿ ನಿಂತಿದ್ದ. ನನ್ನ ಬೆನ್ನ ಹಿಂದಿನ ಕಿಟಕಿಯ ಬೆಳಕು ಪರದೆಗೆ ಬಡಿದು ಏನೂ ಕಾಣುತ್ತಿರಲಿಲ್ಲ. ಎದ್ದು ಕಿಟಕಿ ಮುಚ್ಚಿದೆ. ಸಂದಿಯಲ್ಲೂ ಬೆಳಕು ಬಂತು. ಅಪ್ಪನ ಕಂಬಳಿ ತಂದು ಕಟ್ಟಿದೆ. ಆಮೇಲೆ ಮೂರು ಗಂಟೆ ಹೊತ್ತು ಗುಡ್ಡ ಹತ್ತಿದೆ.

ಗೂಡು ಕಟ್ಟಲು ಜಾಗ ಹುಡುಕುವ ಹುಳುವಿಗೆ ಬೆಳಕು ಒಂದೇ ಕಡೆಯಿಂದ ಬೀಳಬಾರದು. ಬಿದ್ದರೆ ಎಲ್ಲವೂ ಕತ್ತಲಿನ ಕಡೆಗೆ ಸರಿದು ಒಂದರ ಮೇಲೊಂದು ಮುಗಿಬೀಳುತ್ತವೆ, ಎರಡೆರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿಗೂಡಿನ ನೂಲು ಬಿಚ್ಚುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದರೆ ನಮ್ಮೂರಿನ ಚಿಕ್ಕ ಮಕ್ಕಳೂ ನಗುತ್ತಾರೆ. ಗೊತ್ತಿತ್ತು.

ಅಕ್ಕ ಎದ್ದು ಬಂದವಳು ಕಂಬಳಿ ನೋಡಿದಳು, ಚಂದ್ರಿಕೆ ನೋಡಿದಳು. ಕಂಬಳಿಯನ್ನು ಒಂದೇ ಸಲಕ್ಕೆ ಕಿತ್ತೆಸೆದಳು. ಅಂಚಿನಲ್ಲಿ ಗುಂಪುಗೂಡಿದ್ದ ಹುಳುಗಳನ್ನು ಬಿಡಿಸಿ ಹರಡಲು ನೋಡಿದಳು. ಅಷ್ಟರಲ್ಲಾಗಲೇ ಅರ್ಧಕ್ಕರ್ಧ ಎಳೆ ಸುತ್ತಿಕೊಂಡಿದ್ದವು.

ಮುಂದಿನ ಐದು ದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಚಂದ್ರಿಕೆಗಳ ಕಡೆ ತಿರುಗಿ ನೋಡಲೂ ನನಗೆ ಹೆದರಿಕೆ. ಗೂಡು ಬಿಡಿಸುವ ದಿನ ಅಪ್ಪ ಚಂದ್ರಿಕೆಯ ಅಂಚಿನುದ್ದಕ್ಕೂ ಇದ್ದ ಜೋಡಿಗೂಡುಗಳ ಮೇಲೆ ಕೈಯಾಡಿಸಿ ನಿಂತುಬಿಟ್ಟರು.

"ಕಿಟಕಿ ಮುಚ್ಚಿದ್ಯಾರು?"

ಕಾಲೇಜು ಕಣ್ಣ ಮುಂದೆ ಬಂತು. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ನಾನೇ ಅಪ್ಪ. ಗಾಳಿ ಜಾಸ್ತಿ ಬೀಸ್ತಿತ್ತು," ಎಂದಳು.

"ಹಂಗಾದ್ರೆ ಭಾನುವಾರ ರೆಡಿಯಾಗು," ಎಂದು ಅಪ್ಪ ಕೈ ಕೊಡವಿಕೊಂಡು ಹೊರನಡೆದರು.

ಭಾನುವಾರ ಅವಳ ಗಂಡನ ದೊಡ್ಡಪ್ಪ ಬಂದರು. ಕಾಫಿ ಕೈಗೆ ತೆಗೆದುಕೊಳ್ಳುವ ಮೊದಲೇ, "ಏಮ್ಮಾ, ಪೋದಾಮಾ?" ಎಂದು ಅವರ ತೆಲುಗಿನಲ್ಲೇ ಅಕ್ಕನನ್ನು ಹೊರಡಲು ಕರೆದರು. ಅಕ್ಕ ಚೀಲದ ಜಿಪ್ಪು ಎಳೆಯುತ್ತಿದ್ದಳು. ಜಿಪ್ಪು ಸಿಕ್ಕಿಕೊಂಡಿತ್ತು, ಎಳೆದೇ ಎಳೆದಳು. ಅವಳ ಬೆರಳುಗಳಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪಿನ ಕರೆ ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಕಿಟಕಿ ಮುಚ್ಚಿದ್ದು ನಾನು," ಎಂದೆ. "ಅಕ್ಕ ಮಲಗಿದ್ಲು. ಕಂಪ್ಯೂಟರಲ್ಲಿ ಆಟ ಆಡಕ್ಕೆ ಮುಚ್ದೆ. ಕಂಬಳೀನೂ ಕಟ್ಟಿದ್ದೆ."

ಅಪ್ಪ ಹೊಡೆಯುತ್ತಾರೆ ಎಂದುಕೊಂಡೆ. ಅವರು ಅಕ್ಕನ ಕಡೆ ತಿರುಗಿದರು. "ಗೊತ್ತಿತ್ತೇನಮ್ಮ ನಿಂಗೆ?"

"ಗೊತ್ತಿತ್ತು. ಹೇಳಿದ್ರೆ ಅವಳ ಓದು ನಿಲ್ಲಿಸ್ತಿದ್ರಿ."

ಅಪ್ಪ ಬಂದವರಿಗೆ ಹೇಳಿದರು: "ಬೆಳೆ ಕೆಟ್ಟಿದ್ದು ಇವಳ ಕೈಯಿಂದಲ್ಲ. ಇನ್ನೊಂದ್ ಬೆಳೆ ಎತ್ಲಿ. ಆಮೇಲೆ ಮಾತಾಡಣ." ಬಂದಿದ್ದವರು ಕಾಫಿ ಮುಟ್ಟದೆ ಎದ್ದು ಹೋದರು.

ಅದೇ ಸಂಜೆ ಅಪ್ಪ ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿ ಚಿಕ್ಕಪ್ಪನ ಮನೆಗೆ ಸಾಗಿಸಿದರು. ಕಾಲೇಜು ಉಳಿಯಿತು. ಖಾಲಿ ಮೇಜಿನ ಪಕ್ಕ ಕೂತು ಅಕ್ಕ ಚಂದ್ರಿಕೆಗೆ ಅಂಟಿದ್ದ ಎಳೆ ಕೀಳುತ್ತಿದ್ದಳು. ನಾನೂ ಪಕ್ಕ ಕೂತೆ. ಅವಳು ತಲೆಯೆತ್ತದೆ ಕೇಳಿದಳು:

"ಆ ಗುಡ್ಡದ ಆಚೆ ಏನಿತ್ತೇ?"

ಅವಳನ್ನು ಬಿಟ್ಟು ನಾನೊಬ್ಬಳೇ ಹೋಗಿದ್ದೆ ಎಂಬುದು ಆಗಲೇ ನನಗೆ ಹೊಳೆದದ್ದು.

"ಇನ್ನೊಂದ್ ಗುಡ್ಡ, ಅಕ್ಕ," ಎಂದೆ.

"ಅಷ್ಟೇನಾ?" ಎಂದಳು ಅಕ್ಕ. ಚಂದ್ರಿಕೆಯ ಇನ್ನೊಂದು ತುದಿಯನ್ನು ನನ್ನ ಕಡೆಗೆ ತಳ್ಳಿದಳು.