ಬಿಳುಪು ಉಳಿಯದ ಹಾಗೆ

ನಮ್ಮ ಕಡೆಯವರಿಗೆ ಬಿಸಿಲೆಂದರೆ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಟಾರು ರಸ್ತೆ ಚಪ್ಪಲಿಗೆ ಅಂಟುವಾಗಲೂ ಹುಮನಾಬಾದಿನ ಬಸ್‌ ಸ್ಟ್ಯಾಂಡಿನ ಹತ್ತಿರ ಜನ ನಿಂತುಕೊಂಡು ಬಿಸಿ ಬಿಸಿ ಭಜಿ ತಿನ್ನುತ್ತಾರೆ. ಅಂಥ ಊರಲ್ಲಿ ನನ್ನ ತಂಗಿಗೆ ಬಿಸಿಲು ಆಗಿಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಕೇಳಿದವರು ನಗುತ್ತಿದ್ದರು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ನಕ್ಕವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ನಾನು ಮದುವೆಯಾಗಿ ಹುಮನಾಬಾದಿಗೆ ಬಂದವಳು. ಅವ್ವ ಮತ್ತು ತಂಗಿ ತವರೂರು ರಾಜೇಶ್ವರದಲ್ಲಿದ್ದರು. ಅಪ್ಪ ಹೋದ ಮೇಲೆ ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ತಂಗಿಯನ್ನು ಓದಿಸಿದಳು. ತಂಗಿ ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಟೀಚರಾದಳು. ಅವ್ವನ ಸಂತೋಷಕ್ಕೆ ಕಾರಣ ಪಗಾರವಲ್ಲ, ಅದು ನೆರಳಿನ ಕೆಲಸ ಎನ್ನುವುದು. "ನನ್ನ ಮಗಳು ನೆರಳಾಗ ಕುಂತು ಉಣ್ಣಾಕಿ" ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳು.

ಆ ಮಾತಿಗೆ ಯಾರ ದೃಷ್ಟಿ ತಾಗಿತೋ. ತಂಗಿಯ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಹರಡಿತು, ಬೆರಳಿನ ಗಂಟುಗಳು ಬಾತವು. ಹುಮನಾಬಾದಿನ ಚರ್ಮದ ಡಾಕ್ಟರು ರಕ್ತ ತಪಾಸಣೆ ಮಾಡಿಸಿ ಲೂಪಸ್ ಎಂದರು. ಮೈ ತನ್ನನ್ನು ತಾನೇ ತಿನ್ನುವ ರೋಗ. ಗುಳಿಗೆ ಬರೆದುಕೊಟ್ಟು ಹೇಳಿದರು: "ಬಿಸಿಲು ಬಿದ್ರ ಬರೇ ಚರ್ಮ ಕೆಡೂದಿಲ್ಲರಿ. ರೋಗ ಕೆರಳ್ತದ, ಒಳಗ ಕಿಡ್ನಿಗೂ ಏಟು ಬೀಳ್ತದ."

ತಂಗಿ ಕೇಳಿದ್ದು ಒಂದೇ ಪ್ರಶ್ನೆ. "ಸಾಲಿಗಿ ಹೋಗಬಹುದೇನ್ರಿ ಸರ್?"

"ಹೋಗ್ರಿ. ಆದ್ರ ಮುಖಕ್ಕ ಹಚ್ಚದೆ ಹೊಸ್ತಿಲ ದಾಟಬ್ಯಾಡ್ರಿ."

ಹಚ್ಚಬೇಕಾದದ್ದು ಸನ್‌ಸ್ಕ್ರೀನ್. ಮೊದಲು ಕೊಂಡ ಸಾದಾ ಕ್ರೀಮು ಅವಳ ಕೆನ್ನೆ, ಕಣ್ಣು ಎರಡನ್ನೂ ಉರಿಸಿತು. ಆಗ ಡಾಕ್ಟರು ಸತುವಿನ ಪುಡಿ ಹಾಕಿ ಮಾಡಿದ ಮಿನರಲ್ ಸನ್‌ಸ್ಕ್ರೀನ್ ಬರೆದರು. ಅದು ಉರಿಯುವುದಿಲ್ಲ, ಚರ್ಮದ ಮೇಲೆ ಪರದೆಯಾಗಿ ಕೂತು ಬಿಸಿಲನ್ನು ತಡೆಯುತ್ತದೆ. ಎಲ್ಲ ಸರಿ, ಆದರೆ ಬೆಳ್ಳಗೆ ಉಳಿಯುತ್ತದೆ. ನಮ್ಮ ಮನೆಯವರೆಲ್ಲ ಕಪ್ಪು. ಆ ಕಪ್ಪಿನ ಮೇಲೆ ಅದು ಬೂದಿಯ ಹಾಗೆ ಕೂತಿತು. ತಂಗಿ ಕನ್ನಡಿ ನೋಡಿ, "ಅಕ್ಕಾ, ಸುಣ್ಣ ಬಳದಾಯ್ತು. ಇನ್ನ ದೀಪಾವಳಿ ಬಂದ್ರ ಬರ್ಲಿ" ಎಂದು ನಕ್ಕಳು. ಅವ್ವ ನಗಲಿಲ್ಲ.

"ಹೆಣಕ್ಕ ವಿಭೂತಿ ಬಳದಂಗ ಕಾಣ್ತದ. ತೊಳಕೋ ಮೊದಲ."

ತಂಗಿ ತೊಳೆದುಕೊಳ್ಳಲಿಲ್ಲ. ಹಾಗೇ ಬಸ್ಸು ಹತ್ತಿದಳು. ಒಂದು ದಿನ ನಾನೂ ಅವಳ ಜೊತೆ ಬಸವಕಲ್ಯಾಣಕ್ಕೆ ಹೊರಟಿದ್ದೆ. ಪಕ್ಕದಲ್ಲಿ ಮಂಠಾಳದ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಕೂತಿದ್ದಳು. ತಂಗಿಯ ಕಿವಿಯ ಬುಡದಲ್ಲಿ, ಕತ್ತಿನ ಮಡಿಕೆಯಲ್ಲಿ ಕ್ರೀಮು ಬಿಳಿ ಗೆರೆಯಾಗಿ ಉಳಿದಿತ್ತು. ಆ ಹೆಂಗಸು ಅದನ್ನೇ ನೋಡಿ ನೋಡಿ ಕೂಸನ್ನು ಇನ್ನೊಂದು ತೊಡೆಗೆ ಸರಿಸಿದಳು. "ತೊನ್ನು ಹತ್ತತಾದ ಅಂತಾರ, ಜರಾ ಸರೀರಿ" ಎಂದಳು. ತೊನ್ನು ಯಾರಿಗೂ ಹತ್ತುವುದಿಲ್ಲ, ಇದು ತೊನ್ನೂ ಅಲ್ಲ ಎಂದು ನಾನು ಬಸ್ಸೆಲ್ಲ ಕೇಳುವ ಹಾಗೆ ಕೂಗಾಡಿದೆ. ತಂಗಿ ನನ್ನ ಸೆರಗು ಜಗ್ಗಿ, "ಸುಮ್ಮಕಿರು ಅಕ್ಕಾ. ನಾಳಿ ಇದೇ ಬಸ್ಸಿಗಿ ನಾ ಒಬ್ಬಾಕಿನೇ ಬರಬೇಕು" ಎಂದಳು. ಅವತ್ತಿನಿಂದ ಅವಳು ಹಚ್ಚುವ ಪ್ರಮಾಣ ಕಡಿಮೆಯಾಯಿತು.

ಬಿಳುಪು ಉಳಿಯದ ಕ್ರೀಮು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹುಮನಾಬಾದಿನ ಮೆಡಿಕಲ್ ಅಂಗಡಿಯವರೆಲ್ಲ ನನ್ನನ್ನು ಕಂಡರೆ ಮುಖ ತಿರುಗಿಸುವಷ್ಟು ತಿರುಗಿದೆ. ಒಬ್ಬ 'ಸ್ಕಿನ್ ಕಲರ್' ಎಂದು ಒಂದು ಟ್ಯೂಬು ಕೊಟ್ಟ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕೈಮೇಲೆ ಹಚ್ಚಿ ನೋಡಿದರೆ ಚೆನ್ನಾಗಿಯೇ ಕಂಡಿತು. ಹೊರಗೆ ಬೆಳಕಿಗೆ ಬಂದರೆ ಗುಲಾಬಿ ಬಣ್ಣ. ಯಾರ ಸ್ಕಿನ್ನೋ ಯಾರ ಕಲರೋ! ನಮ್ಮಂಥ ಮುಖದವರಿಗೂ ಬಿಸಿಲು ಬೀಳುತ್ತದೆ ಎಂಬುದು ಅದನ್ನು ಮಾಡುವವರಿಗೆ ಗೊತ್ತೇ ಇಲ್ಲವೇನೋ ಎಂದು ಉರಿದುಹೋಯಿತು. ಆಮೇಲೆ ಬುದ್ಧಿ ಕಲಿತೆ. ಇಂಥದನ್ನು ಕೈಗೆ ಹಚ್ಚಿ ನೋಡಬಾರದು, ದವಡೆಯ ಅಂಚಿಗೆ ಹಚ್ಚಬೇಕು. ಅಂಗಡಿಯಿಂದ ಹೊರಗೆ ಬಂದು, ಹಗಲಿನ ಬೆಳಕಿನಲ್ಲಿ, ಒಣಗಿದ ಮೇಲೆ ನೋಡಬೇಕು. ನಮ್ಮ ಬಣ್ಣಕ್ಕೆ ಹೊಂದುವಂಥದು, ಕಂದು ಮಣ್ಣಿನ ಬಣ್ಣ ಬೆರೆಸಿದ್ದು, ಬೇರೆ ಕಡೆಯಿಂದ ತರಿಸಬೇಕು ಎಂದ ಇನ್ನೊಬ್ಬ ಅಂಗಡಿಯವ. ತರಿಸಪ್ಪಾ ಎಂದು ಹೇಳಿ ಬಂದೆ. ಅದು ಬರುವ ಲಕ್ಷಣವೇ ಕಾಣಲಿಲ್ಲ.

ಅಷ್ಟರಲ್ಲಿ ರಾಜೇಶ್ವರದಲ್ಲಿ ಅವ್ವ ತಾನೇ ಒಂದು ದಾರಿ ಹುಡುಕಿದ್ದಳು. ನಮ್ಮ ಮನೆಗಳಲ್ಲಿ ಮೈಗೆ ಏನೇ ಹಚ್ಚಲಿ, ಎಣ್ಣೆಯಲ್ಲಿ ಕಲಸಿಯೇ ಹಚ್ಚುತ್ತಾರೆ. ಗಾಯಕ್ಕೆ ಅರಿಶಿಣವೂ ಹಾಗೇ, ಕೀಲುನೋವಿನ ಔಷಧವೂ ಹಾಗೇ. ಎಣ್ಣೆಯಿಲ್ಲದೆ ಯಾವುದೂ ಮೈಯೊಳಗೆ ಇಳಿಯುವುದಿಲ್ಲ ಎಂಬ ನಂಬಿಕೆ. ಬೆಳ್ಳಗೆ ಮೇಲೇ ಉಳಿದದ್ದು ಅವ್ವನ ಕಣ್ಣಿಗೆ ಮೈಗೆ ಇಳಿಯದ ಔಷಧ. ಅವಳು ಟ್ಯೂಬನ್ನು ಒಂದು ಹಳೇ ಡಬ್ಬಿಗೆ ಹಿಂಡಿ, ಕೊಬ್ಬರಿ ಎಣ್ಣೆ ಸುರಿದು, ಚಿಟಿಕೆ ಅರಿಶಿಣ ಹಾಕಿ ಚೆನ್ನಾಗಿ ಕಲಸಿದಳು. ಮಗಳನ್ನು ಎದುರಿಗೆ ಕೂರಿಸಿಕೊಂಡು ತಾನೇ ಹಚ್ಚಿದಳು. ಬಿಳುಪು ಹೋಯಿತು. ಮುಖ ಮಿರುಗಿತು. "ನೋಡ್, ಹ್ಯಾಂಗ ಒಳಗ ಹೋತು" ಎಂದಳಂತೆ. ತಂಗಿ ಖುಷಿಯಿಂದ ನನಗೆ ಫೋನ್ ಮಾಡಿ, "ನೀ ಹುಮನಾಬಾದ್ ಪೂರಾ ತಿರಗಿ ಸಿಗಲಾರದ್ದು ಅವ್ವ ಒಲಿ ಮುಂದ ಕುಂತು ಮಾಡ್ಯಾಳ" ಎಂದಷ್ಟೇ ಹೇಳಿದಳು. ಏನು ಮಾಡಿದ್ದಾಳೆ ಎಂದು ಕೇಳಿದರೆ, ಬಂದಾಗ ನೋಡು ಎಂದು ನಕ್ಕು ಫೋನ್ ಇಟ್ಟಳು.

ಆ ಮುಖದಲ್ಲಿ ಅವಳು ಧೈರ್ಯವಾಗಿ ಓಡಾಡಿದಳು. ಬೆಳಗಿನ ಪ್ರಾರ್ಥನೆಗೆ ಮಕ್ಕಳ ಸಾಲಿನ ಪಕ್ಕ ನಿಂತಳು, ಆಟೋಟದ ದಿನ ಮೈದಾನದಲ್ಲಿ ಸೀಟಿ ಊದಿದಳು. ಕೆಲವೇ ದಿನಗಳಲ್ಲಿ ಮುಖ ಕೆಂಡವಾಯಿತು. ಆಮೇಲೆ ಪಾದಗಳು ಊದಿಕೊಂಡವು. ನಾನು ಹೋಗಿ ನೋಡುವಷ್ಟರಲ್ಲಿ ಕಣ್ಣಿನ ಸುತ್ತಲೂ ಬಾವು ಬಂದಿತ್ತು.

ಡಾಕ್ಟರು ಕ್ರೀಮು ಹಚ್ಚುತ್ತಿದ್ದೀರಾ ಎಂದು ಕೇಳಿದರು. ಅವ್ವ ಸೆರಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. "ಒಂದ್ ದಿನಾನೂ ಬಿಟ್ಟಿಲ್ಲರಿ ಸಾಹೇಬ್ರ. ನಾನೇ ಹಚ್ಚೀನಿ" ಎಂದಳು. ಆ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರು ಮುಚ್ಚಳ ತೆಗೆದು ಮೂಸಿದರು, ನನ್ನ ಮುಖ ನೋಡಿದರು.

"ಇದು ಒಳಗ ಇಳಿಯೋ ಔಷಧ ಅಲ್ಲವ್ವಾ. ಮ್ಯಾಲೇ ಇರಬೇಕು. ಎಣ್ಣಿ ಕಲಸಿದ್ರ ತೆಳ್ಳಗಾಗಿ ಹರದು ಹೋಗ್ತದ, ಬಿಸಿಲು ಸೀದಾ ಬೀಳ್ತದ." ಆಮೇಲೆ ಅವ್ವನ ಮುಖ ನೋಡಿ ಅವಸರದಿಂದ ಸೇರಿಸಿದರು: "ಇದರಿಂದಾನೇ ಆತು ಅಂತ ಹೇಳಾಕ ಬರೂದಿಲ್ಲ. ಈ ರೋಗ ತನ್ನಷ್ಟಕ್ಕ ತಾನೂ ಕೆರಳ್ತದ."

ಎರಡನೆಯ ಮಾತು ಅವ್ವನ ಕಿವಿಗೆ ಬೀಳಲೇ ಇಲ್ಲ. ಅವತ್ತು ಮನೆಗೆ ಬಂದು ಎಣ್ಣೆಯ ಬಾಟಲಿಯನ್ನು ತಿಪ್ಪೆಗೆ ಎಸೆದಳು. ಇವತ್ತಿಗೂ ಅವಳು ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ, ಕೂದಲು ಒಣಗಿ ಸಿಕ್ಕುಗಟ್ಟಿ ಜುಂಜಾಗಿದೆ. ನನಗೆ ಅವಳ ಮೇಲೆ ಭಯಂಕರ ಸಿಟ್ಟಿತ್ತು. ಆದರೆ ಆ ಸಿಟ್ಟನ್ನು ಎಲ್ಲಿ ಎಸೆಯಲಿ? ತಾಯಿ ಕೈಯಾರೆ ಹಚ್ಚಿದ್ದು ಪ್ರೀತಿಯನ್ನೇ.

ಕಂದು ಬಣ್ಣದ ಟ್ಯೂಬು ಬಂದದ್ದು ಆಮೇಲೆ. ಕಿಡ್ನಿಯ ಚಿಕಿತ್ಸೆಗೆಂದು ಸೇರಿಸಿದ್ದ ಕಲಬುರಗಿಯ ಆಸ್ಪತ್ರೆಯಿಂದ ತಂಗಿ ಒಮ್ಮೆ ಮನೆಗೆ ಬಂದಿದ್ದಳು. ಅಂಗಳಕ್ಕೆ ಕರೆದುಕೊಂಡು ಹೋಗಿ ದವಡೆಗೆ ಹಚ್ಚಿ ನೋಡಿದೆ. ಎಲ್ಲಿ ಹಚ್ಚಿದ್ದೇನೆಂದು ನನಗೇ ತಿಳಿಯಲಿಲ್ಲ. ತಿಕ್ಕಿದರೆ ಅದು ಉಂಡೆ ಉಂಡೆಯಾಗಿ ಏಳುತ್ತಿತ್ತು. ಹಾಗಾಗಿ ಮೊದಲು ಮುಖ ಒಣಗದಂತೆ ಬೇರೆ ಕ್ರೀಮು ಹಚ್ಚಿ, ಅದು ಆರುವವರೆಗೆ ತಡೆದು, ಆಮೇಲೆ ಇದನ್ನು ಸ್ವಲ್ಪ ಸ್ವಲ್ಪವೇ ಇಟ್ಟು ರೊಟ್ಟಿ ತಟ್ಟಿದ ಹಾಗೆ ಅಂಗೈಯಿಂದ ಮೆತ್ತಗೆ ತಟ್ಟಿದೆ. ಒಂದು ಪದರ ಕೂತ ಮೇಲೆ ಇನ್ನೊಂದು. ಕಿವಿ, ಕತ್ತು, ಹಣೆಯ ಕೂದಲಿನ ಅಂಚು. ತಂಗಿ ಕನ್ನಡಿ ಹಿಡಿದುಕೊಂಡು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು.

"ಇದು ನಾನೇ ಅಕ್ಕಾ" ಎಂದಳು. "ಸೋಮವಾರ ಸಾಲಿಗಿ ಹೋಗ್ತೀನಿ."

ಯಾವ ಸೋಮವಾರವೂ ಅವಳು ಹೋಗಲಿಲ್ಲ. ಕಿಡ್ನಿ ಆಗಲೇ ಕೈಕೊಟ್ಟಿತ್ತು. ಬೇಸಿಗೆ ಮುಗಿಯುವ ಮೊದಲೇ ನಾವು ಅವಳನ್ನು ಆಂಬುಲೆನ್ಸಿನಲ್ಲಿ ರಾಜೇಶ್ವರಕ್ಕೆ ತಂದೆವು.

ನಮ್ಮಲ್ಲಿ ಹೆಣವನ್ನು ಒಯ್ಯುವಾಗ ಮುಖ ಮುಚ್ಚುವುದಿಲ್ಲ. ಓಣಿಯವರೆಲ್ಲ ಕೊನೆಯ ಸಲ ನೋಡಬೇಕು. ಹೆಂಗಸರು ಮೈ ತೊಳೆದು ಅರಿಶಿಣ ಕುಂಕುಮ ತಂದಿಟ್ಟರು. ಹೊರಗೆ ನಡುಮಧ್ಯಾಹ್ನದ ಬಿಸಿಲು ಅಂಗಳವನ್ನು ಸುಡುತ್ತಿತ್ತು. ಗಂಡಸರು ಎತ್ತೋಣ ಎಂದಾಗ, ಬೆಳಗಿನಿಂದ ಅಳದೆ ಕೂತಿದ್ದ ಅವ್ವ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಟ್ಯೂಬು ಇತ್ತು. ಎಣ್ಣೆ ಕಲಸದೆ ಉಳಿದಿದ್ದ ಸತುವಿನದು, ಬೆಳ್ಳಗೆ ಉಳಿಯುವಂಥದು.

ತಂಗಿಯ ತಲೆಯ ಹತ್ತಿರ ಕೂತು ಅವ್ವ ಅದನ್ನು ಹಿಂಡಿ ಹಿಂಡಿ ಹಚ್ಚಿದಳು. ಹಣೆ, ಕೆನ್ನೆ, ಕಿವಿಯ ಬುಡ, ಕತ್ತಿನ ಮಡಿಕೆ ಯಾವುದನ್ನೂ ಬಿಡಲಿಲ್ಲ. ತಿಕ್ಕಲಿಲ್ಲ. ಮುಖವೆಲ್ಲ ಸುಣ್ಣದ ಗೋಡೆಯಾಯಿತು. ನಾನು ತಡೆಯಲಾರದೆ ಹತ್ತಿರ ಹೋಗಿ, ಬಣ್ಣದ್ದು ನನ್ನ ಚೀಲದಲ್ಲಿ ಇದೆ, ಅದನ್ನು ಕೊಡುತ್ತೇನೆ ಎಂದೆ.

"ಬ್ಯಾಡ" ಎಂದಳು ಅವ್ವ. "ಬೆಳ್ಳಗ ಇರ್ಲಿ. ಹಚ್ಚೀನಿ ಅಂತ ನನಗ ಕಾಣಬೇಕು. ಹೊರಗ ಬಿಸಿಲು ಭಾಳ ಅದ."