ತಾರವ್ವನ ಗಿರಮಿಟ

ತೆಲಸಂಗದ ಕುರಿಗಾರರ ಓಣಿಯಲ್ಲಿ ತಾರವ್ವನ ಕೈಸೋಕದ ಸರ ಇರಲಿಲ್ಲ. ಟಗರಿನ ಕೊರಳಿಗೆ ಕವಡೆ, ಕೂಸಿನ ತೊಟ್ಟಿಲಿಗೆ ಗಿರಮಿಟ. ಗಿರಮಿಟ ಎಂದರೆ ಬಡಿಗನ ಬೈರಿಗೆಯಂತೆ ತಿರುಚಿಕೊಂಡ, ಬೆರಳ ಗೆಣ್ಣಿನುದ್ದದ ಸಮುದ್ರದ ಚಿಪ್ಪು. ಕೆಟ್ಟ ಕಣ್ಣನ್ನು ಅದು ಕೊರೆದು ಹಾಕುತ್ತದೆಂದು ನಂಬಿಕೆ.

ಓಣಿಯಲ್ಲಿ ಸಮುದ್ರ ಕಂಡವನು ಅವಳ ತಮ್ಮ ಕಾಡಸಿದ್ದ ಒಬ್ಬನೇ. ಉಳ್ಳಾಗಡ್ಡಿ ಲಾರಿಯೊಡನೆ ರತ್ನಾಗಿರಿಗೆ ಹೋಗಿಬರುತ್ತಿದ್ದ. ಕುರಿಗೆ ದಂಡೆಯ ಒಣ ಚಿಪ್ಪು ಸಾಕು, ಕೂಸಿಗೆ ಮಾತ್ರ ಹೊಳೆಯುವಂಥವೇ ಬೇಕೆಂದು ತಾರವ್ವನ ಹಟ. ಪಾಪ, ಅವನು ಹಸಿ ಮರಳು ಬಗೆದು ಹೊಸವನ್ನೇ ಆರಿಸಿ ತರುತ್ತಿದ್ದ. ಮಳೆಗಾಲದ ಬಸವನಹುಳ ಇಬ್ಬರೂ ಕಂಡವರೇ. ಆದರೂ ಗಿರಮಿಟದೊಳಗೆ ಜೀವ ಇದ್ದೀತೆಂದು ಅಕ್ಕನಿಗೂ ಹೊಳೆಯಲಿಲ್ಲ, ತಮ್ಮನಿಗೂ ಹೊಳೆಯಲಿಲ್ಲ. ಸಮುದ್ರದಲ್ಲಿ ಕಲ್ಲು ಇರುವಂತೆ ಅದೂ ಇರುತ್ತದೆ ಎಂದುಕೊಂಡಿದ್ದರು.

ಮಗಳು ಸೀತವ್ವನ ಎರಡು ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಎಂಬತ್ತೇಳರ ಚಳಿಗಾಲದಲ್ಲಿ ಮೂರನೆಯದು ಹುಟ್ಟಿತು. ಇದಾದರೂ ಉಳಿಯಲೇಬೇಕೆಂದು ತಾರವ್ವ ದೇವರಿಗಿಂತ ಹೆಚ್ಚು ತನ್ನ ಸರವನ್ನೇ ನಂಬಿದಳು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ, ತಮ್ಮ ಆಗತಾನೇ ತಂದುಕೊಟ್ಟ ಡಬ್ಬಿ ಬಿಚ್ಚಿ ಕುಳಿತಳು.

ಚಿಪ್ಪಿನ ತುದಿ ಮುರಿದು, ಒಳಗಿನ ಮರಳು ಹೋಗಲೆಂದು ತುಟಿಗಿಟ್ಟು ಊದುವುದು ಅವಳ ರೂಢಿ. ಗಾಳಿ ಹೋಗದಿದ್ದರೆ ಮರಳು ಗಟ್ಟಿಯಾಗಿದೆಯೆಂದು ಹಾಗೇ ಪೋಣಿಸಿಬಿಡುತ್ತಿದ್ದಳು. ಊದಿದಳು. ಗಾಳಿ ಹೋಗಲಿಲ್ಲ. ಮತ್ತೆ ಊದಿದಳು. ಚಿಪ್ಪಿನ ಬಾಯಿಂದ ತಣ್ಣಗಿನ, ಬೆಳ್ಳಗಿನ ನಾಲಗೆಯಂಥದ್ದು ಹೊರಬಂದು ಅವಳ ಬೆರಳನ್ನು ತಡವಿತು, ಮೆಲ್ಲಗೆ ಒಳಗೆ ಸರಿಯಿತು. ತಾರವ್ವ ಚಿಪ್ಪನ್ನು ಡಬ್ಬಿಗೆ ಬಿಟ್ಟಳು. ಡಬ್ಬಿಯಲ್ಲಿದ್ದ ಕೆಲವು ಆಗಲೇ ಸತ್ತಿದ್ದವು, ಸಮುದ್ರದ್ದೆಂದು ಅವಳು ಇಷ್ಟು ದಿನ ತಿಳಿದಿದ್ದ ವಾಸನೆ ಏಳುತ್ತಿತ್ತು.

ಅಷ್ಟರಲ್ಲಿ ಸರ ಮುಗಿಯಿತೇನೆಂದು ಕೇಳುತ್ತ ಸೀತವ್ವ ಬಂದಳು. ತಾರವ್ವ ಡಬ್ಬಿ ಮುಚ್ಚಲು ಹೋದಳು, ಆದರೆ ವಾಸನೆ ಬಾಗಿಲ ತನಕ ಹರಡಿತ್ತು. ಮಗಳು ನಿಂತಲ್ಲೇ ನಿಂತಳು.

“ಯವ್ವಾ, ಈ ವಾಸನಿ ನನಗ ಗೊತ್ತೈತಿ,” ಎಂದಳು. “ಎರಡೂ ತೊಟ್ಟಲದಾಗ ಇತ್ತ. ನನ್ನ ಕೂಸಿನ ಮೈಯಿಂದ ಬರಾಕತ್ತೈತಿ ಅಂತ ತಿಳದಿದ್ನಿ.”

ಆ ಎರಡೂ ತೊಟ್ಟಿಲಿನ ಸರ ಪೋಣಿಸಿದ್ದು ತಾರವ್ವನೇ.

ಮರುದಿನ ಕೂಸನ್ನು ಬರೀ ತೊಟ್ಟಿಲಿಗೆ ಹಾಕಿದರು. ಬಂದ ಹೆಂಗಸರೆಲ್ಲ ಸರ ಎಲ್ಲಿ ಎಂದು ಕೇಳಿದರು. ಕೂಸು ಉಳಿಯಿತು. ತಿಂಗಳು ದಾಟಿತು, ವರ್ಷ ದಾಟಿತು. ಆದರೆ ತೊಟ್ಟಿಲು ತೂಗಲು ತಾರವ್ವ ಕೈ ಚಾಚಿದಾಗಲೆಲ್ಲ ಸೀತವ್ವ ಸಿಟ್ಟಿಲ್ಲದೆ ತಾಯಿಯ ಕೈಯನ್ನು ಹಗ್ಗದಿಂದ ಸರಿಸುತ್ತಿದ್ದಳು.