ಬಾಳವ್ವ ಆರಿಸಿದ ಕುರ್ಚಿ

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ಬಾಳವ್ವ ನಿವೃತ್ತಳಾಗಿ ಬಂದಾಗ ಅವಳ ಎರಡೂ ಕಾಲುಗಳ ಮೀನಖಂಡದಲ್ಲಿ ನರಗಳು ನೀಲಿಗಟ್ಟಿ ಹುರಿಯಂತೆ ಉಬ್ಬಿದ್ದವು. ನರ್ಸ್ ಆಗಿ ಜೀವಮಾನವೆಲ್ಲ ನಿಂತದ್ದರ ಫಲ. ಕಾಲು ಇಳಿಬಿಟ್ಟು ಕೂಡಬಾರದು, ಎತ್ತರದಲ್ಲಿಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಗಂಡ ಶಾಂತಯ್ಯ ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲಿ ಮಾಡುತ್ತ, ಗಾದಿಯ ಮೇಲೆ ಕೂತೇ ಆಯುಷ್ಯ ಕಳೆದವನು. ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟು ನವನಗರದ ಮನೆಯಲ್ಲೇ ಇರುತ್ತಿದ್ದ. ಕಾಲಿನ ಕೆಳಗೆ ಎರಡು ದಿಂಬು ಇಟ್ಟರೆ ಸಾಲದೇ ಎಂದು ಕೇಳಿದ. ಬಾಳವ್ವ ಮಾತು ಬೆಳೆಸದೆ ಒಬ್ಬಳೇ ಕೇಶ್ವಾಪುರದ ಫರ್ನಿಚರ್ ಅಂಗಡಿಗೆ ಹೋದಳು.

ಅಂಗಡಿಯವನು ಮೊದಲು ತೋರಿಸಿದ್ದು ಮಿರಿಮಿರಿ ಮಿಂಚುವ ದೊಡ್ಡ ರಿಕ್ಲೈನರ್, ಹಿಂದಕ್ಕೆ ಒರಗಿ ಕಾಲು ಚಾಚುವ ಕುರ್ಚಿ. ಅದರಲ್ಲಿ ಕೂತರೆ ಗಿಡ್ಡ ಬಾಳವ್ವನ ಪಾದ ನೆಲಕ್ಕೆ ಮುಟ್ಟಲಿಲ್ಲ. ಇನ್ನೊಂದು ಕುತ್ತಿಗೆಯನ್ನು ಮುಂದಕ್ಕೆ ದಬ್ಬುತ್ತಿತ್ತು. ಮತ್ತೊಂದರ ಹಿಡಿಕೆ ಎಳೆಯಲು ಗಂಡಸಿನ ತೋಳೇ ಬೇಕಿತ್ತು. ಯಜಮಾನರನ್ನು ಕರೆದುಕೊಂಡು ಬಂದರೆ ಅವರೂ ಕೂತು ನೋಡಬಹುದಲ್ಲ ಎಂದು ಅಂಗಡಿಯವನು ಸೂಚಿಸಿದ. ಇದು ನನ್ನ ಕಾಲಿಗೆ, ಯಜಮಾನರ ಕಾಲಿಗಲ್ಲ ಎಂದಳು ಬಾಳವ್ವ. ಚಪ್ಪಲಿ ಕಳೆದಿಟ್ಟು ಒಂದೊಂದರಲ್ಲೂ ಕಣ್ಣು ಮುಚ್ಚಿ ಕೂತು ನೋಡಿದಳು. ಕೊನೆಗೆ ಮೂಲೆಯಲ್ಲಿದ್ದ, ಬೂದು ಬಟ್ಟೆ ಹೊದಿಸಿದ ಒಂದು ಕುರ್ಚಿ ಅವಳ ಸೊಂಟದ ತಗ್ಗನ್ನು ಸರಿಯಾಗಿ ತುಂಬಿತು. ಹಿಡಿಕೆಯನ್ನು ಬೆರಳಲ್ಲೇ ಎಳೆದರೆ ಕಾಲು ತಾನೇ ಮೇಲೆದ್ದಿತು. ಅಲ್ಲೇ ಅವಳಿಗೆ ತೂಕಡಿಕೆ ಬಂತು.

ಕುರ್ಚಿ ಮನೆಗೆ ಬಂದ ದಿನ ಹೆಂಗೈತಿ ನೋಡೋಣ ಎಂದು ಶಾಂತಯ್ಯ ಕೂತ. ಅವನ ಉದ್ದ ಕಾಲುಗಳು ಹೊರಗೇ ಚಾಚಿಕೊಂಡಿದ್ದವು, ಆದರೂ ಏಳಲಿಲ್ಲ. ಮರುದಿನ ಅಲ್ಲೇ ಪೇಪರು, ಅಲ್ಲೇ ಚಹಾ. ಮಾರ್ಕೆಟ್ಟಿನ ಗೆಳೆಯರು ಬಂದಾಗ ಹಿಡಿಕೆ ಎಳೆದು ಎಳೆದು ತೋರಿಸಿದ. ಒಂದು ವಾರ ಕಳೆದ ಮೇಲೆ ಬಾಳವ್ವ ಹೇಳಿದಳು.

"ಅದು ನನ್ನ ಕಾಲಿಗಂತ ತಂದದ್ದರಿ."

"ಮನಿ ಹಿರ್ಯಾ ಬಾಜೂಕ ಕುಂತು, ಹೆಂಡ್ತಿ ಕಾಲು ಚಾಚಿ ಮಲ್ಕೊಂಡ್ರ ನೋಡಿದವ್ರು ಏನಂತಾರ?" ಎಂದ ಶಾಂತಯ್ಯ. ಸಿಟ್ಟಿನಿಂದ ಹೇಳಲಿಲ್ಲ. ಇಷ್ಟೂ ತಿಳಿಯದೇ ಎಂಬಂತೆ ಹೇಳಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಳವ್ವನ ಹಿಮ್ಮಡಿಯಿಂದ ತುಸು ಮೇಲೆ ಚರ್ಮ ಒಡೆದು ಹುಣ್ಣಾಯಿತು. ಶಾಂತಯ್ಯ ಕೂತಲ್ಲಿಂದಲೇ ಬಗ್ಗಿ ನೋಡಿ, ಡಾಕ್ಟರಿಗೆ ತೋರಿಸು ಎಂದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅವನನ್ನೇ ನೋಡಿದಳು. ಅವನು ಪೇಪರಿನ ಪುಟ ತಿರುಗಿಸಿದ.

ಅವನು ಬೀಗರ ಮನೆಯ ಕಾರ್ಯಕ್ಕೆಂದು ಧಾರವಾಡಕ್ಕೆ ಹೋದ ದಿನ ಬಾಳವ್ವ ಟೆಂಪೋ ಕರೆಸಿದಳು. ಅವಳ ಕೈಕೆಳಗೆ ಕೆಲಸ ಕಲಿತ ನಾಹಿದಾ ಈಗ ಹೆರಿಗೆ ವಾರ್ಡಿನ ಮುಖ್ಯ ನರ್ಸ್. ನರ್ಸ್‌ಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಇದನ್ನಿಡು, ಯಾರ ಕಾಲು ನೋಯುತ್ತದೋ ಅವರು ಕೂಡಲಿ ಎಂದು ಅವಳಿಗೆ ಫೋನಿನಲ್ಲಿ ಹೇಳಿ ಕುರ್ಚಿಯನ್ನು ಕಳಿಸಿಬಿಟ್ಟಳು.

ಸಂಜೆ ಮನೆಗೆ ಬಂದ ಶಾಂತಯ್ಯ ಖಾಲಿ ಜಾಗ ನೋಡಿ ನಿಂತ.

"ಯಾರಿಗೆ ಕೊಟ್ಟಿ?"

"ನಿಂತು ನಿಂತು ಸಾಯೋರಿಗೆ."

ಅಂದಿನಿಂದ ಅವನು ಅವಳೊಂದಿಗೆ ಮಾತು ಬಿಟ್ಟ. ಊಟ ಬಡಿಸಿದರೆ ಉಣ್ಣುತ್ತಿದ್ದ, ಅಷ್ಟೇ. ಬಾಳವ್ವನಿಗೆ ಅದರಿಂದ ದುಃಖವಾಗಲಿಲ್ಲ. ಮಂಚದ ಮೇಲೆ ಎರಡು ದಿಂಬಿಟ್ಟು ಅದರ ಮೇಲೆ ಕಾಲಿಡುತ್ತಿದ್ದಳು. ವಾರ್ಡಿನ ಹುಡುಗಿಯರು ಸರದಿಯ ಮೇಲೆ ಹಿಡಿಕೆ ಎಳೆದು ಒರಗುವುದನ್ನು ನೆನೆದಾಗ ಅವಳಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಹುಣ್ಣಿಗೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಹೋದಾಗ ನರ್ಸ್‌ಗಳ ಕೋಣೆಗೂ ಹೋದಳು. ಕುರ್ಚಿ ಇರಲಿಲ್ಲ. ಒಂದು ವಾರ ಕೂತೆವು, ಆಮೇಲೆ ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಒಯ್ಯಿಸಿದರು ಎಂದು ನಾಹಿದಾ ತಲೆ ತಗ್ಗಿಸಿ ಹೇಳಿದಳು. ಕುರ್ಚಿ ಇದ್ದರೆ ಹುಡುಗಿಯರು ಡ್ಯೂಟಿ ಬಿಟ್ಟು ಮಲಗುತ್ತಾರೆಂದು ಅವರ ವಾದವಂತೆ. ಹೋಗುವುದು ಬೇಡ ಎಂದು ನಾಹಿದಾ ತಡೆದರೂ ಬಾಳವ್ವ ಅವರ ಕೋಣೆಗೆ ನಡೆದಳು.

ಡಾಕ್ಟರು ಅದರಲ್ಲೇ ಒರಗಿದ್ದರು. ಅವಳನ್ನು ನೋಡಿ ಖುಷಿಯಿಂದ ನಕ್ಕರು.

"ಬರ್ರಿ ಸಿಸ್ಟರ್. ಭಾಳ ಛಲೋ ಕುರ್ಚಿ ಕೊಟ್ಟೀರಿ. ನನ್ನ ಬೆನ್ನು ನೋವ ಹೋತು."

"ಅದು ನಿಮಗ ಕೊಟ್ಟದ್ದಲ್ಲರಿ, ಸರ್."

ಅವರು ನಗುವನ್ನು ಹಾಗೇ ಉಳಿಸಿಕೊಂಡು, ಆಸ್ಪತ್ರೆಗೆ ಕೊಟ್ಟ ಮೇಲೆ ಆಸ್ಪತ್ರೆಯದ್ದೇ ಆಯಿತಲ್ಲ ಎಂದರು. ಹೊರಗೆ ಕಾಯುತ್ತಿದ್ದ ರೋಗಿಯನ್ನು ಒಳಗೆ ಕರೆದರು.

ಮನೆಗೆ ಬಂದ ಬಾಳವ್ವನಿಗೆ ಇದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಮನೆಯಲ್ಲಿದ್ದವನು ಶಾಂತಯ್ಯನೊಬ್ಬನೇ. ಅವನು ಪೂರ್ತಿ ಕೇಳಿಸಿಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಹೀಗೆ ಅವರ ನಡುವೆ ಮತ್ತೆ ಮಾತು ಶುರುವಾಯಿತು. ಈಗ ಮನೆಗೆ ಯಾರೇ ಬರಲಿ, ಶಾಂತಯ್ಯ ಅವರಿಗೆ ಈ ಕಥೆ ಹೇಳುತ್ತಾನೆ, ಡಾಕ್ಟರ ದನಿಯನ್ನೂ ಅಣಕಿಸಿ ತೋರಿಸುತ್ತಾನೆ. ಬಂದವರು ನಗುತ್ತಾರೆ. ಬಾಳವ್ವ ಅಡುಗೆಮನೆಯಲ್ಲಿ ನಿಂತು ಅವರಿಗೆ ಚಹಾ ಸೋಸುತ್ತಿರುತ್ತಾಳೆ.